ಗೌಡರು ಬಸ್ಕಿ ಹೊಡೆದದ್ದು ಯಾವ ಪಾಪಕ್ಕೆ?

ನಿಮಗೂ ಹೀಗಾಗಿದೆಯಾ, ಸುಳ್ಳು ಹೇಳಬೇಡಿ. ಗಾಡಿಯ ಪಕ್ಕ ನಿಂತಿದ್ದೀರಿ. ಹೆಲ್ಮೆಟ್ಟಿನ ಪಟ್ಟಿ ಬಿಗಿದಾಗಿದೆ, ಕೀ ತಿರುಗಿಸಿಯಾಗಿದೆ. ಇನ್ನು ಬಲಗಾಲೆತ್ತಿ ಸೀಟಿನ ಆಚೆ ಹಾಕಿದರೆ ಮುಗೀತು. ಅಷ್ಟರಲ್ಲಿ ಕಾಲು ನಿಮ್ಮನ್ನು ಕೇಳುತ್ತದೆ, "ಏಳಲಾ?" ಅಂತ. ಇಷ್ಟು ವರ್ಷ ಅದು ಯಾವತ್ತೂ ಅಪ್ಪಣೆ ಕೇಳಿದ್ದಿಲ್ಲ. ನೀವು ಆಚೀಚೆ ನೋಡುತ್ತೀರಿ, ಯಾರಾದರೂ ಗಮನಿಸಿಬಿಟ್ಟರಾ ಅಂತ. ಆಮೇಲೆ ಫೋನು ಬಂದವರ ಹಾಗೆ ಜೇಬು ತಡಕಿ, ಒಂದು ಉಸಿರು ಎಳೆದುಕೊಂಡು, ಹತ್ತುತ್ತೀರಿ.

ನನಗೆ ಮೊನ್ನೆ ಆಯಿತು. ಹಾಸನದಲ್ಲಿ, ನಮ್ಮ ಮನೆ ಗೇಟಿನ ಎದುರಿಗೇ. ಬೆಳಿಗ್ಗೆ ಮಂಡಿಗೆ ಕರ್ಪೂರ ಹಾಕಿ ಕಾಯಿಸಿದ ಹರಳೆಣ್ಣೆ ತಿಕ್ಕಿಕೊಂಡಿದ್ದೆ. ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲು ಎಷ್ಟಿದೆ ಅಂತ ಬಗ್ಗಿ ನೋಡಿದೆ ನೋಡಿ, ಎರಡು ವಾಸನೆಯೂ ಒಟ್ಟಿಗೆ ಮೂಗಿಗೆ ಬಂದವು. ಕರ್ಪೂರದ ಎಣ್ಣೆ, ಪೆಟ್ರೋಲು. ಅಲ್ಲೇ ನಿಂತುಬಿಟ್ಟೆ. ಕಾಲೆತ್ತುವುದು ಹಾಗಿರಲಿ, ಎಲ್ಲಿಗೆ ಹೊರಟಿದ್ದೆ ಅನ್ನುವುದೂ ಮರೆತುಹೋಯಿತು. ಅದು ನಮ್ಮ ದೊಡ್ಡಪ್ಪನ ವಾಸನೆ.

ನನ್ನ ಬರಹ ಓದುವವರಿಗೆ ಗೊತ್ತು, ಹಳ್ಳಿ ಹಳ್ಳಿ ಸುತ್ತುವ ಸರ್ಕಾರಿ ಕೆಲಸದಲ್ಲಿ ನಾನು ಬೈಕು ಕಲಿತವಳು, ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. "ಮೇಡಂ, ಈ ವಯಸ್ಸಲ್ಲೂ ಹೇಗೆ ಓಡಿಸ್ತೀರಿ, ಗುಟ್ಟು ಹೇಳಿ" ಅಂತ ಕೆಳಗೆ ಬರೆಯುತ್ತೀರಿ. ಯಾವ ವಯಸ್ಸು? ನಾನಿನ್ನೂ ಮಧ್ಯವಯಸ್ಸಿನವಳು ಅಂತಲೇ ಹೇಳಿಕೊಂಡು ತಿರುಗುತ್ತಿದ್ದೇನೆ, ಯಾರೂ ಲೆಕ್ಕ ಕೇಳಿಲ್ಲ. ಗುಟ್ಟು ಅಂದರೆ ಇಷ್ಟೇ, ಬಸ್ಕಿ. ಜಿಮ್ಮಿಗೆ ಸೇರಿ ದುಡ್ಡು ಕಟ್ಟಿ, ಡಬ್ಬಿಯ ಪುಡಿ ಕುಡಿದು, ಕನ್ನಡಿ ಮುಂದೆ ಅದನ್ನೇ ಮಾಡುತ್ತೀರಲ್ಲ, ನಮ್ಮ ದೊಡ್ಡಪ್ಪ ಅದನ್ನು ಗಣಪತಿ ಮುಂದೆ ಮಾಡಿ ಸಂಸಾರವನ್ನೇ ಹಾಳು ಮಾಡಿಕೊಳ್ಳುವುದರಲ್ಲಿದ್ದರು. ಆ ಕಥೆ ಹೇಳುತ್ತೇನೆ, ಕೂತುಕೊಳ್ಳಿ. ಕೂತರೆ ಏಳಲು ಆಗುತ್ತದೆ ತಾನೇ?

ಅರವತ್ತರ ದಶಕದ ಮಾತು. ನಮ್ಮ ಹಳ್ಳಿಯಲ್ಲಿ ಪ್ರೈಮರಿ ಶಾಲೆ ಬಿಟ್ಟರೆ ಮುಂದಿಲ್ಲ. ಹಾಗಾಗಿ ನನ್ನನ್ನು ಹೊಳೆನರಸೀಪುರದಲ್ಲಿ ದೊಡ್ಡಪ್ಪನ ಮನೆಯಲ್ಲಿ ಓದಲು ಬಿಟ್ಟಿದ್ದರು. ದೊಡ್ಡಪ್ಪ ಅಂದರೆ ನಮ್ಮಪ್ಪನ ಅಣ್ಣ. ತೆಂಗಿನ ವ್ಯಾಪಾರ. ಚನ್ನರಾಯಪಟ್ಟಣದ ಕಡೆಯ ತೋಟಗಳಿಗೆ ಹೋಗಿ, ಮರ ನೋಡಿ, ಆ ವರ್ಷದ ಫಸಲನ್ನು ಮರದ ಮೇಲಿದ್ದಾಗಲೇ ಗುತ್ತಿಗೆಗೆ ಹಿಡಿಯುತ್ತಿದ್ದರು. ಊರವರಿಗೆಲ್ಲ ಅವರು ಗೌಡ್ರು. ಮನೆಯಲ್ಲಿ ಅಜ್ಜಿ, ದೊಡ್ಡಮ್ಮ, ನಾನು. ಅವರಿಗೆ ಮಕ್ಕಳಿರಲಿಲ್ಲ. ಅದು ಅವರಿಗೆ ಕೊರತೆಯಾಗಿತ್ತೋ ಏನೋ, ನನಗಂತೂ ಲಾಭವಾಗಿತ್ತು. ಬೈಕಿನ ಟ್ಯಾಂಕಿನ ಮೇಲಿನ ಜಾಗ ನನ್ನದೊಬ್ಬಳದೇ.

ಆ ಬೈಕು! ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಗಾಡಿಗಳಲ್ಲಿ ಅದೊಂದು. ಯಾವುದೋ ಕಾಫಿ ತೋಟದ ದೊರೆ ಕೊಂಡಿದ್ದನಂತೆ. ದೊರೆ ದೇಶ ಬಿಟ್ಟು ಹೋಗುವಾಗ ದೊಡ್ಡಪ್ಪನ ಕೈಗೆ ಬಂತು. ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇರಲಿಲ್ಲ. ದಾರಿಯ ಕಲ್ಲೆಲ್ಲ ನೇರ ಬೆನ್ನುಮೂಳೆಗೆ. ಅದನ್ನು ಸ್ಟಾರ್ಟ್ ಮಾಡುವುದು ಈಗಿನ ಹಾಗೆ ಹೆಬ್ಬೆರಳಿನ ಕೆಲಸವಲ್ಲ. ಕಿಕ್ಕರಿನ ಮೇಲೆ ಪಾದ ಇಟ್ಟು, ಮೆಲ್ಲಗೆ ಒತ್ತಿ, ಒಳಗೆ ಇಂಜಿನ್ನು ಬಿಗಿಯುವ ಜಾಗವನ್ನು ಅಂಗಾಲಿನಲ್ಲೇ ಹುಡುಕಿ, ಆಮೇಲೆ ಮೈಭಾರವೆಲ್ಲ ಬಿಟ್ಟು ಒದೆಯಬೇಕು. ಕೊಂಚ ತಪ್ಪಿದರೆ ಕಿಕ್ಕರು ತಿರುಗಿ ಒದೆಯುತ್ತದೆ, ಥೇಟು ಹೋರಿಗರುವಿನ ಹಾಗೆ. ದೊಡ್ಡಪ್ಪ ಕಾಕಿ ನಿಕ್ಕರು ಹಾಕಿ, ತಲೆಗೆ ಟವೆಲ್ಲು ಸುತ್ತಿ, ಒದೆಯುವುದನ್ನು ನೋಡಲು ಬೀದಿಯೇ ನಿಲ್ಲುತ್ತಿತ್ತು.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆಗಿನ ಮನೆಗಳಲ್ಲಿ ಗಂಡ ಹೆಂಡತಿ ಮಾತಾಡುತ್ತಿರಲಿಲ್ಲ. ಜಗಳವೇನಲ್ಲ, ಪದ್ಧತಿ. ಅತ್ತೆ ಎದುರಿಗೆ ಗಂಡನ ಹತ್ತಿರ ನಾಲ್ಕು ಮಾತಾಡಿದರೆ ಅದು ಸಲಿಗೆ, ಸಲಿಗೆ ಅಂದರೆ ಮರ್ಯಾದೆಗೇಡು. ನಮ್ಮ ಅಜ್ಜಿಯೋ ನಡುಮನೆಯಲ್ಲೇ ಕೂತಿರುತ್ತಿದ್ದಳು, ಎಲ್ಲ ಬಾಗಿಲೂ ಕಾಣುವ ಜಾಗ ನೋಡಿಕೊಂಡು. ದೊಡ್ಡಮ್ಮ "ನೀರು ಕಾದದೆ" ಅಂತ ಗೋಡೆಗೆ ಹೇಳುವರು. ದೊಡ್ಡಪ್ಪ ಎದ್ದು ಹೋಗಿ ಸ್ನಾನ ಮಾಡುವರು. ದೊಡ್ಡಪ್ಪ "ಮೂರು ಜನ ಬತ್ತಾವ್ರೆ" ಅಂತ ಕಂಬಕ್ಕೆ ಹೇಳುವರು. ಒಳಗೆ ಮೂರು ಮುದ್ದೆ ಹೆಚ್ಚಾಗುತ್ತಿದ್ದವು. ಇಷ್ಟೇ ಸಂಸಾರ. ನಮ್ಮ ದೊಡ್ಡಮ್ಮ ಮೂಗಿ ಅಂತಲೇ ನಾನು ಮೊದಲ ತಿಂಗಳು ತಿಳಿದಿದ್ದೆ.

ಆಮೇಲೆ ಒಂದು ಭಾನುವಾರ ಅವರ ಜೊತೆ ಬೈಕಿನಲ್ಲಿ ಹೋದೆ. ದೊಡ್ಡಮ್ಮನ ತವರು ಅರಕಲಗೂಡು. ಊರೊಳಗೆ ಅವರು ಸೆರಗು ಹೊದ್ದು, ಕಾಲು ಒಂದೇ ಕಡೆ ಇಳಿಬಿಟ್ಟು, ತಲೆತಗ್ಗಿಸಿ ಕೂತಿದ್ದರು. ಊರು ಮುಗಿಯಿತು ನೋಡಿ, ಬಾಯಿ ದೊಡ್ಡಪ್ಪನ ಕಿವಿಗೇ ಬಂತು.

"ನಿಮ್ಮವ್ವ ನೆನ್ನೆ ಸಾರಲ್ಲಿ ಉಪ್ಪಿಲ್ಲ ಅಂದ್ರಲ್ಲ, ಉಪ್ಪಾಕಿದ್ದು ಅವ್ರೇಯ! ಕೇಳುಸ್ತಾ?"

"ಆಂ?"

"ಉಪ್ಪು! ಉಪ್ಪು!"

"ಉಪ್ಪು ಬೇಕಾ? ತಗಳವ ಬುಡು!"

"ನಿಮ್ ತಲೆ!"

ಇಂಜಿನ್ನಿನ ಸದ್ದಿನ ಮೇಲೆ ಹೆಂಗಸು ಹೀಗೆ ಕೂಗಿ ಕೂಗಿ ಮಾತಾಡುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ವಾರವಿಡೀ ಹೊಟ್ಟೆಯಲ್ಲಿಟ್ಟುಕೊಂಡದ್ದೆಲ್ಲ ಬಂತು. ನಕ್ಕರು, ಬೈದರು, ಯಾರನ್ನೋ ಅಣಕಿಸಿದರು. ಅವರ ನಗು ದೊಡ್ಡಪ್ಪನ ಬೆನ್ನು ದಾಟಿ, ಟ್ಯಾಂಕಿನ ಮೇಲೆ ಕೂತಿದ್ದ ನನ್ನ ಮೈಗೂ ತಾಗುತ್ತಿತ್ತು. ಮಾತು ಮುಗಿಯದಿದ್ದರೆ "ಇನ್ನೊಂಚೂರು ಸುತ್ತಾಕಂಡ್ ಓಗನ" ಅನ್ನುವರು. ದೊಡ್ಡಪ್ಪ ಗಾಡಿ ತಿರುಗಿಸಿ, ಹೊಳೆಯ ಸೇತುವೆ ದಾಟಿ, ಹಾಸನಕ್ಕೆ ಹೋಗಿ, ಅಲ್ಲಿಂದ ಅರಕಲಗೂಡಿಗೆ ಹೋಗುತ್ತಿದ್ದರು. ಹೊಳೆನರಸೀಪುರದಿಂದ ಅರಕಲಗೂಡಿಗೆ ಹಾಸನದ ಮೇಲೆ ಹೋಗುತ್ತಿದ್ದವರು ಇಡೀ ಜಿಲ್ಲೆಯಲ್ಲಿ ಇವರಿಬ್ಬರೇ ಇರಬೇಕು.

ಈಗ ತಿಳಿಯಿತಲ್ಲ, ಆ ಗಾಡಿ ಅವರಿಗೆ ಏನಾಗಿತ್ತು ಅಂತ. ನಾಲ್ಕು ಗೋಡೆ ಇಲ್ಲದ, ಎರಡು ಚಕ್ರದ ಕೋಣೆ ಅದು. ಅದೊಂದು ಹೋದರೆ ಇಬ್ಬರೂ ಮತ್ತೆ ಗೋಡೆಗೆ, ಕಂಬಕ್ಕೆ ಮಾತಾಡಿಕೊಂಡು ಇರಬೇಕು.

ಒಂದು ಬೆಳಿಗ್ಗೆ, ಯಾರೂ ಇಲ್ಲದಾಗ, ಕಿಕ್ಕರು ತಿರುಗಿ ಒದೆಯಿತು. ದೊಡ್ಡಪ್ಪನ ಬಲ ಮಂಡಿ ಹೋಯಿತು. ಇದು ನನಗೆ ಆಗ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ನಿಮಗೆ ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಗುಟ್ಟು ಇಟ್ಟುಕೊಂಡು ಕಥೆ ಎಳೆಯುವುದು ನನಗೆ ಬರುವುದಿಲ್ಲ. ಆಗಲೇ ಅವರಿಗೆ ಐವತ್ತು ದಾಟಿತ್ತು. ಮಂಡಿ ಊದಿತು, ಊತ ಅರ್ಧ ಇಳಿಯಿತು, ಆದರೆ ಬಲ ಬರಲಿಲ್ಲ. ಹಾಸನದಲ್ಲಿ ಅವರ ಹುಡುಗುಪ್ರಾಯದ ಗರಡಿಯ ಗೆಳೆಯರೊಬ್ಬರಿದ್ದರು. ಅವರು ನೋಡಿ, "ಬಸ್ಕಿ ಒಡಿ. ಮೊದ್ಲು ಕಂಬ ಇಡ್ಕಂಡು ಅರ್ದ ಕುಂತ್ಕೋ, ಆಮ್ಯಾಕೆ ಪೂರ್ತಿ. ತೊಡೆ ಗಟ್ಟಿಯಾದ್ರೆ ಮಂಡಿ ತಾನೇ ನಿಲ್ತದೆ" ಅಂದರಂತೆ.

ಬಸ್ಕಿ ಹೊಡೆಯುವುದು ಸರಿ, ಎಲ್ಲಿ ಹೊಡೆಯುವುದು? ಗರಡಿಗೆ ಹೋದರೆ ಮೀಸೆ ಚಿಗುರದ ಹುಡುಗರ ಜೊತೆ ಲಂಗೋಟಿ ಕಟ್ಟಬೇಕು. ಮನೆಯಲ್ಲಿ ಹೊಡೆದರೆ ಅಜ್ಜಿ ಕಾಣುತ್ತಾಳೆ. ಅಜ್ಜಿಗೆ ಗೊತ್ತಾದರೆ "ಮೊದ್ಲು ಆ ದರಿದ್ರದ ಗಾಡಿ ಆಚೆ ದಬ್ಬು" ಅನ್ನುತ್ತಾಳೆ, ದೊಡ್ಡಮ್ಮನೂ ಹೆದರಿ ಹೂಂ ಅನ್ನುತ್ತಾರೆ. ದೊಡ್ಡಪ್ಪ ಯೋಚನೆ ಮಾಡಿದರು. ಮರ ನೋಡಿಯೇ ಕಾಯಿ ಎಷ್ಟು ಅಂತ ಹೇಳುತ್ತಿದ್ದ ಬುದ್ಧಿವಂತ ತಲೆ ಅದು. ಊರಿನಲ್ಲಿ ಐವತ್ತು ದಾಟಿದ ಗಂಡಸು ನಾಲ್ಕು ಜನರ ಎದುರಿಗೆ ಬಸ್ಕಿ ಹೊಡೆದರೂ ಯಾರೂ ನಗದ ಜಾಗ ಒಂದೇ ಒಂದು. ಬೀದಿಯ ಕೊನೆಯ ದಿಬ್ಬದ ಮೇಲಿನ ಗಣಪತಿ ಗುಡಿ. ಎರಡು ಕೈ ಅಡ್ಡ ಹಾಕಿ ಕಿವಿ ಹಿಡಿದುಕೊಂಡರೆ ಆಯಿತು, ವ್ಯಾಯಾಮ ಭಕ್ತಿಯಾಗುತ್ತದೆ.

ತಾನು ಬಹಳ ಜಾಣ ಅಂದುಕೊಂಡರು ಪಾಪ. ಒಂದು ಮರೆತರು. ಗಣಪತಿ ಮುಂದೆ ಜನ ಮೂರೋ ಐದೋ ಬಸ್ಕಿ ಹೊಡೆಯುತ್ತಾರೆ, ತಪ್ಪಾಯ್ತಪ್ಪ ಅಂತ. ಇವರು ದಿನಾ ಬೆಳಿಗ್ಗೆ ಬಂದು, ಬೆವರು ಇಳಿಯುವ ತನಕ, ಹಲ್ಲು ಕಚ್ಚಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು ಹೊಡೆಯುತ್ತಿದ್ದರು. ಅದುವರೆಗೆ ಹಬ್ಬಕ್ಕೂ ಗುಡಿಗೆ ಬರದ ಆಸಾಮಿ!

ನಮ್ಮ ಜನ ಬಿಡುತ್ತಾರೆಯೇ? ಬಸ್ಕಿ ಇಷ್ಟು ದೊಡ್ಡದಾದರೆ ಪಾಪ ಎಷ್ಟು ದೊಡ್ಡದಿರಬೇಕು ಅಂತ ಲೆಕ್ಕ ಶುರುವಾಯಿತು.

ನಮ್ಮ ಮನೆಗೆ ಹಾಲು ತರುತ್ತಿದ್ದ ಕೆಂಪಮ್ಮ ದಿನಾ ಹಾಲಿಗಿಂತ ಹೆಚ್ಚು ಸುದ್ದಿ ತರುತ್ತಿದ್ದಳು. ಹಿತ್ತಿಲ ಬಾಗಿಲಲ್ಲಿ ಕೂತು, ಅಜ್ಜಿಗೆ ಕೇಳದ ಹಾಗೆ, ದೊಡ್ಡಮ್ಮನಿಗೆ ಅಂದಳು:

"ಗೌಡ್ರು ಇವತ್ತೂ ಗುಡಿ ತಾವಿದ್ರು ಕಣವ್ವ. ಅಯ್ಯೋ, ಏನ್ ಸಂಕ್ಟವೋ, ಮಕ ಇಂಡ್ಕಂಡು ಬಸ್ಕಿ ಒಡೀತಾವ್ರೆ."

ದೊಡ್ಡಮ್ಮ ಪಾತ್ರೆ ಒಡ್ಡಿದರು.

"ಗಾಡೀನೂ ಈಗ ಗುಡಿ ತಾವ್ಲೇ ನಿಲ್ಲುಸ್ತಾವ್ರಲ್ಲ, ದೇವ್ರಿಗೆ ಒಪ್ಪುಸ್ಬುಟ್ರಾ? ಮತ್ತೆ, ಕ್ವಾಪ ಮಾಡ್ಕಬ್ಯಾಡಿ, ಈಗೀಗ ನಿಕ್ಕರ್ ಬುಟ್ಟು ಪ್ಯಾಂಟ್ ಬ್ಯಾರೆ ಒಲ್ಸವ್ರೆ. ಅದ್ಯಾರಿಗೆ ತೋರ್ಸಕೆ ಅಂತ? ಚನ್ರಾಯಪಟ್ಣದ ದಾರಿ ಬಾಳ ಸವೆದೋಯ್ತು ಕಣವ್ವ."

ಎಷ್ಟು ಅಚ್ಚುಕಟ್ಟಾಗಿ ಕೂಡಿತು ನೋಡಿ. ಗಾಡಿಯನ್ನು ಗುಡಿಯ ದಿಬ್ಬದ ಮೇಲೆ ನಿಲ್ಲಿಸುತ್ತಿದ್ದದ್ದು ಇಳಿಜಾರಿನಲ್ಲಿ ಉರುಳಿಸಿಬಿಟ್ಟರೆ ಕಿಕ್ಕರು ಒದೆಯದೇ ಸ್ಟಾರ್ಟ್ ಆಗುತ್ತದೆ ಅಂತ. ಪ್ಯಾಂಟು ಹೊಲಿಸಿದ್ದು ಊದಿದ ಮಂಡಿ ಕಾಣಬಾರದು ಅಂತ. ಚನ್ನರಾಯಪಟ್ಟಣಕ್ಕೆ ಹೋಗುತ್ತಿದ್ದದ್ದು ತೆಂಗಿನಕಾಯಿಗೆ. ಕೆಂಪಮ್ಮ ಇವನ್ನೆಲ್ಲ ಒಟ್ಟು ಹಾಕಿ ಒಬ್ಬ ಹೆಂಗಸನ್ನು ಮಾಡಿಬಿಟ್ಟಿದ್ದಳು. ಆ ಹೆಂಗಸಿಗೆ ಬಣ್ಣ ಕೆಂಪು, ಮೂಗುತಿ ಎರಡು ಅನ್ನುವವರೆಗೂ ಮುಂದಿನ ವಾರಕ್ಕೆ ಸುದ್ದಿ ಬೆಳೆದಿತ್ತು.

ದೊಡ್ಡಮ್ಮ ಅಳಲಿಲ್ಲ, ಕೂಗಲಿಲ್ಲ. ಕೇಳಲಿಲ್ಲ ಕೂಡ. ಎಲ್ಲಿ ಕೇಳುವುದು ಹೇಳಿ? ಮನೆಯಲ್ಲಿ ಅಜ್ಜಿ ಇದ್ದಾಳೆ. ಕೇಳುವ ಜಾಗ ಅಂದರೆ ಬೈಕಿನ ಹಿಂದಿನ ಸೀಟು ಒಂದೇ. ಆದರೆ ಆ ಸೀಟಿನಲ್ಲಿ ಇನ್ನು ಕೂರುವುದಿಲ್ಲ ಅಂತ ಅವರು ತೀರ್ಮಾನ ಮಾಡಿಯಾಗಿತ್ತು.

ಆ ಭಾನುವಾರ ದೊಡ್ಡಪ್ಪ ಗಾಡಿ ತಂದು ಬಾಗಿಲಲ್ಲಿ ಗುರುಗುಟ್ಟಿಸುತ್ತಾ ನಿಂತರು. ದೊಡ್ಡಮ್ಮ ಸೀರೆ ಉಟ್ಟು ಹೊರಗೆ ಬಂದರು. ನನ್ನ ಕೈ ಹಿಡಿದರು. ಬಾಗಿಲ ಚೌಕಟ್ಟಿಗೆ ಹೇಳಿದರು: "ನಾವು ಬಸ್ನಾಗೆ ಓಯ್ತೀವಿ."

ಅಷ್ಟೇ. ಬಸ್ ಸ್ಟ್ಯಾಂಡಿನ ಕಡೆಗೆ ನಡೆದುಬಿಟ್ಟರು. ಸೆರಗು ಹಿಡಿದು ನಾನು ಹಿಂದೆ ಓಡಿದೆ.

ಆ ಬಸ್ಸಿನ ಪ್ರಯಾಣ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಿಟಕಿ ಪಕ್ಕ ದೊಡ್ಡಮ್ಮ, ಅವರ ಪಕ್ಕ ನಾನು. ಊರು ದಾಟುತ್ತಿದ್ದ ಹಾಗೆ ಹಿಂದಿನಿಂದ ಆ ಗುರುತಿನ ಸದ್ದು. ದೊಡ್ಡಪ್ಪ! ಬಸ್ಸಿನ ಧೂಳಿನಲ್ಲಿ ಬಂದು, ಕಿಟಕಿಯ ಸಮಕ್ಕೆ ಗಾಡಿ ತಂದು, ಕತ್ತೆತ್ತಿ ನೋಡುತ್ತಿದ್ದಾರೆ. ಏನೋ ಕೂಗುತ್ತಿದ್ದಾರೆ. ಬಸ್ಸಿನ ಸದ್ದಿಗೆ ಒಂದು ಅಕ್ಷರ ಕೇಳುವುದಿಲ್ಲ. ಹಿಂದೆ ಯಾರೂ ಇಲ್ಲದ ಆ ಗಾಡಿ ಕಲ್ಲಿಗೊಂದು ಸಲ ಹಿಂಭಾಗ ಎತ್ತಿ ಎತ್ತಿ ಕುಣಿಯುತ್ತಿತ್ತು. ಎದುರಿಗೆ ಎತ್ತಿನ ಗಾಡಿ ಬಂದರೆ ಹಿಂದೆ ಸರಿಯುವರು, ಮತ್ತೆ ಬರುವರು.

ಕಂಡಕ್ಟರಿಗೆ ತಮಾಷೆ. "ಅದ್ಯಾರವ್ವ, ಅಮಲ್ದಾರ್ರಿಗೆ ಕಾವಲು ಬಂದಂಗೆ ನಮ್ ಬಸ್ ಜೊತ್ಗೇ ಬತ್ತಾವ್ರೆ?"

ದೊಡ್ಡಮ್ಮ ಮುಖವನ್ನು ಈಚೆ ತಿರುಗಿಸಿ, ಎದುರು ಸೀಟಿನ ಕಬ್ಬಿಣದ ಕಂಬಿ ನೋಡುತ್ತಾ ಹೇಳಿದರು: "ಯಾರೋ. ನಂಗೆ ಗೊತ್ತಿಲ್ಲ."

ಆ ಮಾತು ಹೇಳುವಾಗ ಅವರ ಕೈ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತು ಅಂದರೆ ನನ್ನ ಗಾಜಿನ ಬಳೆ ಒಡೆಯಿತು.

ಅರಕಲಗೂಡಿನಲ್ಲಿ ತಾಯಿ ಮನೆಯವರ ಎದುರಿಗೆ ಇಬ್ಬರೂ ಏನೂ ಆಗದವರ ಹಾಗೆ ಊಟ ಮಾಡಿದರು. ವಾಪಸ್ಸೂ ನಾವು ಬಸ್ಸಿನಲ್ಲೇ ಬಂದೆವು. ಈ ಸಲ ದೊಡ್ಡಪ್ಪ ಪಕ್ಕಕ್ಕೆ ಬರಲಿಲ್ಲ. ದೂರದಲ್ಲಿ, ಬಹಳ ಹಿಂದೆ, ಸದ್ದು ಮಾತ್ರ ಬರುತ್ತಿತ್ತು. ದೊಡ್ಡಮ್ಮ ಎರಡು ಸಲ ಕಿಟಕಿಯಿಂದ ಹಿಂದಕ್ಕೆ ಬಗ್ಗಿ ನೋಡಿದರು. ನನ್ನ ಕಡೆ ತಿರುಗಿ "ಧೂಳು" ಅಂದು ಕಣ್ಣೊರೆಸಿಕೊಂಡರು.

ಆಮೇಲೆ ಮನೆಯಲ್ಲಿ ಗೋಡೆಗೆ ಕಂಬಕ್ಕೆ ಹೇಳುತ್ತಿದ್ದ ಮಾತೂ ನಿಂತಿತು. ದೊಡ್ಡಪ್ಪ ಸೊರಗಿಹೋದರು. ಬಸ್ಕಿ ಮಾತ್ರ ಬಿಡಲಿಲ್ಲ. ಹೆಂಡತಿ ಯಾಕೆ ಬೈಕು ಹತ್ತುತ್ತಿಲ್ಲ ಅಂತ ಅವರಿಗೆ ಹೊಳೆದದ್ದು ಒಂದೇ ಕಾರಣ. ತನ್ನ ಕಾಲು ನಡುಗುವುದು ಅವಳಿಗೆ ಗೊತ್ತಾಗಿದೆ, ಹೆದರಿದ್ದಾಳೆ. ಹಾಗಾಗಿ ಇನ್ನೂ ಜಾಸ್ತಿ ಹೊಡೆದರು. ಅವರು ಜಾಸ್ತಿ ಹೊಡೆದಷ್ಟೂ ಊರಿಗೆ ಪಾಪ ದೊಡ್ಡದಾಗಿ ಕಂಡಿತು. ದೊಡ್ಡಮ್ಮನಿಗೂ.

ಒಂದು ಬೆಳಿಗ್ಗೆ ದೊಡ್ಡಮ್ಮ ನನ್ನ ಕೈಗೆ ಹೂವಿನ ಬುಟ್ಟಿ ಕೊಟ್ಟು, "ಬಾ ಮಗ" ಅಂದರು. ಅಜ್ಜಿ "ಎಲ್ಲಿಗಮ್ಮಿ?" ಅಂದಳು. "ಗುಡಿಗೆ" ಅಂದರು ದೊಡ್ಡಮ್ಮ, ಅಜ್ಜಿಯ ಮುಖಕ್ಕೇ. ಗುಡಿಯಲ್ಲಿ ದೊಡ್ಡಪ್ಪ ಕಿವಿ ಹಿಡಿದುಕೊಂಡು ಅರ್ಧ ಕೂತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಪೂಜಾರಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದ. ದೊಡ್ಡಮ್ಮ ನೇರ ಹೋಗಿ ಗಂಡನ ಪಕ್ಕದಲ್ಲಿ ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಎರಡು ಕೈ ಅಡ್ಡ ಹಾಕಿ ಕಿವಿ ಹಿಡಿದುಕೊಂಡರು.

"ಇದೇನಮ್ಮಿ, ನೀನ್ಯಾಕೆ ಬಂದೆ?" ದೊಡ್ಡಪ್ಪನ ಬಾಯಿ ತೆರೆದೇ ಇತ್ತು.

"ಏನ್ ಪಾಪ ಮಾಡ್ಕಂಡಿದ್ದೀರೋ ನಂಗೊತ್ತಿಲ್ಲ.‌ ಕೇಳಾಕೂ ಓಗಕಿಲ್ಲ. ಕೈ ಇಡ್ದಾಗ ಒಳ್ಳೇದು ಕೆಟ್ಟದ್ರಾಗೆ ಅರ್ದ ನಂದು ಅಂತ ಒಪ್ಕಂಡು ಬಂದಿವ್ನಿ. ಅರ್ದ ನಾನೊಡೀತೀನಿ. ನೀವೊಬ್ರೇ ಒಡ್ಕಂಡು ಸಾಯ್ಬ್ಯಾಡಿ."

ಹೇಳಿದ್ದೇ ತಡ, ಕೂತರು. ಎದ್ದರು. ಮತ್ತೆ ಕೂತರು. ದೊಡ್ಡಪ್ಪನಿಗೆ ಗಾಬರಿ. ಅರ್ಧಕ್ಕೆ ನಿಂತಿದ್ದವರು ಗಾಬರಿಯಲ್ಲಿ ಪೂರ್ತಿ ಕೆಳಕ್ಕೆ ಕೂತುಬಿಟ್ಟರು. ಕೂತವರು ಅಲ್ಲೇ ಉಳಿದರು, ಕಿವಿ ಹಿಡಿದುಕೊಂಡೇ.

ಪೂಜಾರಿಯ ಕೈಯಿಂದ ಎಣ್ಣೆ ಚೆಲ್ಲಿತು. "ಶಿವ ಶಿವಾ, ಗಂಡ ಎಂಡ್ತಿ ಇಬ್ರೂವೆ? ಗೌಡ್ರೆ, ಏನಾರ ಕೊಲೆಗಿಲೆ ಮಾಡ್ಬುಟ್ರಾ?"

"ಏಳಿ" ಅಂದರು ದೊಡ್ಡಮ್ಮ.

"ಏಳಕಾಯ್ತಿಲ್ಲ."

"ಯಾಕೆ? ಪಾಪ ಬಾರ ಆಯ್ತಾ?"

"ಪಾಪ ಅಲ್ಲ ಕಣಮ್ಮಿ, ಮಂಡಿ! ಇಡ್ಕಂಬುಟ್ಟದೆ! ಎತ್ತು, ಎತ್ತು!"

ಪೂಜಾರಿ ಒಂದು ಕಡೆ, ದೊಡ್ಡಮ್ಮ ಒಂದು ಕಡೆ ಹಿಡಿದು ಎತ್ತಿ ಕಂಬಕ್ಕೆ ಒರಗಿಸಿದರು. ಪ್ಯಾಂಟಿನ ಕಾಲು ಮಡಚಿ ಮೇಲೆ ಸರಿಸಿದರು. ಮಂಡಿ ಗುಂಡಗೆ ಊದಿಕೊಂಡಿತ್ತು. ದೊಡ್ಡಮ್ಮ ಅದನ್ನೇ ನೋಡಿದರು. ಆಮೇಲೆ ದೀಪದ ಎಣ್ಣೆಯನ್ನೇ ಅಂಗೈಗೆ ಬಗ್ಗಿಸಿಕೊಂಡು ತಿಕ್ಕತೊಡಗಿದರು. ತಿಕ್ಕುತ್ತಾ ತಿಕ್ಕುತ್ತಾ ಕೇಳಿದರು, ಇಂಜಿನ್ನಿನ ಸದ್ದಿಲ್ಲದೆ, ಪರರ ಎದುರಿಗೆ, ಗಂಡನ ಮುಖ ನೋಡಿಕೊಂಡು. ನಾನು ಕಂಡ ಹಾಗೆ ಅದೇ ಮೊದಲು.

"ಚನ್ರಾಯಪಟ್ಣದೋಳು?"

"ಯಾವೋಳು?"

"ಪ್ಯಾಂಟು ಯಾಕೆ ಒಲ್ಸುದ್ರಿ?"

"ನಿಕ್ಕರಾಕುದ್ರೆ ಇದು ಕಾಣ್ತದಲ್ಲ."

"ನಂಗ್ಯಾಕೆ ಏಳ್ನಿಲ್ಲ?"

"ಏಳಿದ್ರೆ ನೀನು ಎದ್ರಿಕಂಡು ಗಾಡಿ ಮಾರ್ಬುಡಿ ಅಂತಿದ್ದೆ. ಮಾರ್ಬುಟ್ರೆ ನಿನ್ ಮಾತು ನಾನೆಲ್ಲಿ ಕೇಳನೆ?"

ದೊಡ್ಡಮ್ಮನ ಕೈ ನಿಂತಿತು. ಆಮೇಲೆ ಮಂಡಿಯ ಮೇಲೆ ಪಟ್ಟಂತ ಒಂದು ಏಟು ಹಾಕಿದರು. ದೊಡ್ಡಪ್ಪ "ಅಯ್ಯಪ್ಪಾ!" ಅಂತ ಚೀರಿದರು. "ಇದ್ಕೆ ಆ ಎಲ್ಡ್ ಮೂಗ್ತಿಯೋಳು ಇದ್ದಿದ್ರೇ ವಾಸಿಯಾಗಿತ್ತು" ಅಂದು, ನಕ್ಕು, ಅತ್ತು, ಮೂಗೊರೆಸಿಕೊಂಡು, ಮತ್ತೆ ತಿಕ್ಕಿದರು.

ಅಂದಿನಿಂದ ಮಂಡಿ ದೊಡ್ಡಮ್ಮನ ಸುಪರ್ದಿಗೆ ಬಂತು. ದಿನಾ ಹರಳೆಣ್ಣೆಗೆ ಕರ್ಪೂರ ಹಾಕಿ ಕಾಯಿಸುವುದು, ಹುರುಳಿ ಕಟ್ಟಿನ ಸಾರು, ಮುದ್ದೆಯಲ್ಲಿ ಅರ್ಧ ಕಡಿತ. "ಒಟ್ಟೆ ಇಳುದ್ರೆ ಮಂಡಿಗೆ ಬಾರ ಕಮ್ಮಿ" ಅಂತ ಗೋಡೆಗೆ ಹೇಳುವರು. ಗೋಡೆ ಕೇಳಿಸಿಕೊಂಡು ಅರ್ಧ ಮುದ್ದೆ ಉಣ್ಣುವುದು. ಬೆಳಿಗ್ಗೆ ಇಬ್ಬರೂ ಜೊತೆಯಾಗಿ ಗುಡಿಗೆ ಹೋಗಿ ಬಸ್ಕಿ ಹೊಡೆದರು, ಅವನು ಕಂಬ ಹಿಡಿದು, ಇವಳು ಕಿವಿ ಹಿಡಿದು. ನೋಡಿ, ಪ್ರೀತಿಯಲ್ಲಿ ಏಕವಚನಕ್ಕೇ ಇಳಿದುಬಿಟ್ಟೆ. ಊರು ಸುಮ್ಮನಾಯಿತು ಅಂದುಕೊಂಡಿರಾ? ಈಗ ಇಬ್ಬರೂ ಸೇರಿ ಏನೋ ಮಾಡಿದ್ದಾರೆ ಅಂತ ಹೊಸ ಸುದ್ದಿ. ಕೆಂಪಮ್ಮನಿಗೆ ದೊಡ್ಡಮ್ಮ ಏನನ್ನೂ ಬಿಡಿಸಿ ಹೇಳಲಿಲ್ಲ. "ಅವ್ಳು ಬದುಕ್ಕಳ್ಳಿ ಬುಡು" ಅಂದರು.

ಆಮೇಲೆ ಕೆಲವು ವರ್ಷ ಅವರು ಓಡಾಡಿದ ಹಾಗೆ ಯಾರೂ ಓಡಾಡಿರಲಿಕ್ಕಿಲ್ಲ. ತೋಟ ನೋಡಲು ಚನ್ನರಾಯಪಟ್ಟಣಕ್ಕೆ ಹೋಗುವಾಗಲೂ ದೊಡ್ಡಮ್ಮ ಹಿಂದೆ. ಒಮ್ಮೆ ಜಿನನಾಥಪುರದವರೆಗೂ ಹೋಗಿ, ಬಸದಿಯ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದ್ದೆವು. ದೊಡ್ಡಪ್ಪ ಎದ್ದು, ಕೈ ಊರದೆ, ಕಿಕ್ಕರು ಒದ್ದು, ಒಂದೇ ಏಟಿಗೆ ಸ್ಟಾರ್ಟ್ ಮಾಡಿ, ದೊಡ್ಡಮ್ಮನ ಕಡೆ ತಿರುಗಿ ನೋಡಿದ ನೋಟ ಇದೆಯಲ್ಲ, ಅದನ್ನು ನಾನು ಮದುವೆಯಾದ ಮೇಲೆ ಬಹಳ ದಿನ ಹುಡುಕಿದೆ.

ಗಾಡಿ ನಿಂತದ್ದು ದೊಡ್ಡಪ್ಪನ ಮಂಡಿಯಿಂದಲ್ಲ. ದೊಡ್ಡಮ್ಮನ ಸೊಂಟದಿಂದ. ಸ್ಪ್ರಿಂಗಿಲ್ಲದ ಹಿಂದಿನ ಚಕ್ರ ವರ್ಷಗಟ್ಟಲೆ ಕುಲುಕಿ ಕುಲುಕಿ ಅವರ ಬೆನ್ನುಮೂಳೆಯನ್ನು ಸವೆಸಿಬಿಟ್ಟಿತ್ತು. ನಾವೆಲ್ಲ ಕಿಕ್ಕರು ಒದೆಯುವ ಕಾಲನ್ನು ನೋಡುತ್ತಾ ಕೂತಿದ್ದೆವು. ಹಿಂದೆ ಕೂತವರ ಕಡೆ ಯಾರೂ ನೋಡಿರಲಿಲ್ಲ. ಸೀಟಿನ ಮೇಲೆ ದಿಂಬು ಕಟ್ಟಿ ನೋಡಿದರು, ನಡಿಗೆಯ ವೇಗದಲ್ಲಿ ಓಡಿಸಿ ನೋಡಿದರು. ಹಾಸನದ ಡಾಕ್ಟರು ಆಗುವುದಿಲ್ಲ ಅಂದುಬಿಟ್ಟರು. ಅದೇ ವಾರ ದೊಡ್ಡಪ್ಪ ಗಾಡಿ ಕೊಟ್ಟುಬಿಟ್ಟರು.

ಕೊಂಡವನಿಗೇ ಆಶ್ಚರ್ಯ. "ಗೌಡ್ರೆ, ನಿಮ್ ಕಾಲು ಇನ್ನೂ ಕಲ್ಲಿದ್ದಂಗದೆ. ಯಾಕ್ ಕೊಡ್ತಿದ್ದೀರಿ?"

"ಇಂದೆ ತೂಕ ಇಲ್ದಿದ್ರೆ ಅದು ಕುಣೀತದೆ ಕಣಪ್ಪ. ನಂಗೆ ಓಡ್ಸಾಕ್ ಬರಾಕಿಲ್ಲ" ಅಂದರು.

ನಾನು ಅಷ್ಟರಲ್ಲಿ ದೊಡ್ಡವಳಾಗಿದ್ದೆ. ಮನೆ ಮತ್ತೆ ಮೌನವಾಗುತ್ತದೆ ಅಂತ ಹೆದರಿದ್ದೆ. ಅಜ್ಜಿ ಇನ್ನೂ ನಡುಮನೆಯಲ್ಲಿ ಇದ್ದಳು. ಆದರೆ ಸಂಜೆ ಇಬ್ಬರೂ ನಡೆದುಕೊಂಡು ಹೊಳೆಯ ಸೇತುವೆಗೆ ಹೋಗಲು ಶುರು ಮಾಡಿದರು. ದೊಡ್ಡಮ್ಮ ನಿಧಾನ, ದೊಡ್ಡಪ್ಪ ಗಟ್ಟಿ ಕಾಲಿನಲ್ಲಿ ಅದಕ್ಕಿಂತ ನಿಧಾನ. ಒಮ್ಮೆ ಅವರಿಗೆ ಗೊತ್ತಿಲ್ಲದ ಹಾಗೆ ದೂರದಿಂದ ನೋಡಿದೆ. ಸೇತುವೆಯ ಅಂಚಿನ ಕಟಾಂಜನ ಹಿಡಿದು ನೀರು ನೋಡುತ್ತಾ ಇಬ್ಬರೂ ಸುಮ್ಮನೆ ನಿಂತಿದ್ದರು. ಹಾಸನದ ಕಡೆಯಿಂದ ಒಂದು ಲಾರಿ ಬಂತು. ಸೇತುವೆಯೆಲ್ಲ ಗಡಗಡ ಅಂದಿತು. ಆಗ ದೊಡ್ಡಮ್ಮ ಗಂಡನ ಕಿವಿಯ ಹತ್ತಿರ ಬಾಯಿ ತಂದು ಏನೋ ಕೂಗಿದರು. ದೊಡ್ಡಪ್ಪ ನಕ್ಕರು. ಲಾರಿ ಹೋಯಿತು, ಮಾತು ನಿಂತಿತು. ಇಬ್ಬರೂ ರಸ್ತೆಯ ಕಡೆ ತಿರುಗಿ ಮುಂದಿನ ಲಾರಿಗೆ ಕಾದರು.

ಇಬ್ಬರೂ ಈಗಿಲ್ಲ. ಆ ಸೇತುವೆಯ ಮೇಲೆ ಈಗಲೂ ಲಾರಿ ಬಂದರೆ ನಾನು ಬೈಕು ನಿಧಾನ ಮಾಡುತ್ತೇನೆ. ಏನು ಕೇಳಿಸುತ್ತದೆ ಅಂತ ಕೇಳಬೇಡಿ.

ಇಷ್ಟು ಬರೆದು ಒಂದು ಸಂಜೆ ನಿಲ್ಲಿಸಿದೆ. ಕನ್ನಡಕ ತೆಗೆದಿಟ್ಟು, ಒಳಗೆ ಪೇಪರು ಓದುತ್ತಿದ್ದ ನಮ್ಮ ಮನೆಯವರನ್ನು ನೋಡಿದೆ. ಅವರು ನಿವೃತ್ತ ಮೇಷ್ಟರು, ಜನ್ಮದಲ್ಲಿ ಗಾಡಿ ಕಲಿಯಲಿಲ್ಲ. ನಾನು ಓಡಿಸುವುದು, ಅವರು ಹಿಂದೆ ಕೂರುವುದು. ಊರೆಲ್ಲ ನಕ್ಕಿತು, ಅವರಿಗೆ ನಾಚಿಕೆಯಿಲ್ಲ, ನನಗೂ ಇಲ್ಲ. ಈಗ ಒಂದು ವರ್ಷದಿಂದ ಮಾತ್ರ ಎಲ್ಲಿಗೆ ಕರೆದರೂ "ನೀನು ಹೋಗಿ ಬಾ, ನಂಗೆ ಬೇಜಾರು" ಅನ್ನುತ್ತಿದ್ದರು. ವಯಸ್ಸಾದ ಮೇಲೆ ಸೋಮಾರಿಯಾದರು ಅಂತ ನಾನೂ ಬೈದು ಹೋಗುತ್ತಿದ್ದೆ.

"ಒಂದು ನಿಮಿಷ ಆಚೆ ಬನ್ನಿ" ಅಂದೆ. "ಗಾಡಿ ಹತ್ತಿ ನೋಡೋಣ."

"ಈಗ್ಯಾಕೆ? ಮಳೆ ಬರೋ ಹಾಗಿದೆ."

"ಎಲ್ಲಿದೆ ಮಳೆ? ಹತ್ತಿ ಅಂದ್ರೆ ಹತ್ತಿ."

ಅವರು ಸೀಟಿನ ಮೇಲೆ ಕೈ ಇಟ್ಟು, ಕಾಲು ಒಂದು ಗೇಣು ಎತ್ತಿ, ಇಳಿಸಿದರು. ನನ್ನ ಮುಖ ನೋಡಲಿಲ್ಲ. "ಯಾಕೋ ಈ ಸೀಟು ಎತ್ತರ ಆಗಿದೆ ಕಣೇ" ಅಂದರು.

ಗೇಟಿನ ಪಕ್ಕ ಒಂದು ಸಿಮೆಂಟಿನ ಬ್ಲಾಕು ತಂದು ಹಾಕಿಸಿದೆ. ಅದರ ಮೇಲೆ ನಿಂತರೆ ಆರಾಮಾಗಿ ಹತ್ತುತ್ತಾರೆ. ಹತ್ತಿ, ಮದುವೆಗಂಡಿನ ಹಾಗೆ ಕೂತರು. ಚನ್ನರಾಯಪಟ್ಟಣದಲ್ಲಿ ಅವರ ಅಕ್ಕನ ಮನೆಗೆ ಹೋದೆವು. ದಾರಿಯುದ್ದಕ್ಕೂ ಅವರೇ ಮಾತು, ವರ್ಷದ ಬಾಕಿಯೆಲ್ಲ ಸೇರಿಸಿ. ಹೋದ ಮೇಲೆ ಗೊತ್ತಾಯಿತು, ಅಲ್ಲಿ ಬ್ಲಾಕಿಲ್ಲ. ಇಳಿದರೆ ಹತ್ತುವುದು ಹೇಗೆ? ಮೇಷ್ಟರು ಇಳಿಯಲೇ ಇಲ್ಲ. ಬೀದಿಯಲ್ಲಿ ಬೈಕಿನ ಮೇಲೆ ಕೂತೇ ಅಕ್ಕನ ಕ್ಷೇಮ ವಿಚಾರಿಸಿದರು, ಕೂತೇ ಕಾಫಿ ಕುಡಿದರು. ಅಕ್ಕ ಗೇಟಿನಲ್ಲಿ ನಿಂತು ಬೈದದ್ದೇ ಬೈದದ್ದು.

ಹಾಗಾಗಿ ಈಗ ನಮಗೆ ಬೇಕಾಗಿರುವುದು, ನಿಂತು ಗಾಡಿ ಹತ್ತಲು ಎದುರಿಗೆ ಜಗಲಿ ಇರುವ ಮನೆಗಳು. ಮೊದಲು ಎಲ್ಲ ಮನೆಗೂ ಇರುತ್ತಿತ್ತು, ಈಗ ಗೇಟು, ಇಳಿಜಾರು, ಟೈಲ್ಸು. ನಿಮ್ಮ ಹಿಂದೆ ಕೂರುವವರು ಯಾರು, ಈಚೆಗೆ ಅವರು ಯಾವ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದಾರೆ, ಕೆಳಗೆ ಬರೆಯಿರಿ, ಒಂದೂ ಬಿಡದೆ ಓದುತ್ತೇನೆ. ಹಾಗೆಯೇ ನಿಮ್ಮ ಮನೆಯ ಮುಂದೆ ಇನ್ನೂ ಜಗಲಿ ಉಳಿದಿದ್ದರೆ ಅದನ್ನೂ ಬರೆಯಿರಿ. ಹಾಸನದ ಸುತ್ತ ಎಲ್ಲೇ ಇರಲಿ, ಇಬ್ಬರೂ ಬರುತ್ತೇವೆ. ಕಾಫಿಯನ್ನು ಒಳಗೇ ಬಂದು ಕುಡಿಯುತ್ತೇವೆ.